ವಿಭೂತಿ ಕಾಣದ ಬ್ಯಾಟರಿ

ಡುಪ್ಲಿಕೇಟ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮಪ್ಪನ ಮುಖ ಹುಣಸೆಕಾಯಿ ಕಚ್ಚಿದವರ ಹಾಗೆ ಆಗುತ್ತಿತ್ತು. ಬ್ಲೇಡು ಕೊಂಡರೂ ಕಂಪನಿಯದೇ ಆಗಬೇಕು, ಬನಿಯನ್ನು ಕೊಂಡರೂ ಕಂಪನಿಯದೇ. ಅವ್ವ ಸಂತೆಯಿಂದ ಅಗ್ಗದ ಟಾರ್ಚ್ ಸೆಲ್ಲು ತಂದಳೆಂದರೆ ಅದನ್ನು ಸತ್ತ ಹಲ್ಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಹೊರಗಿನ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದ. ಒರಿಜಿನಲ್ ಇದ್ದರೇ ಮನುಷ್ಯನಿಗೆ ಮರ್ಯಾದೆ ಎಂದು ಬೈಲಹೊಂಗಲದ ಬಜಾರಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕೇಳಿದವರು ತಲೆಯಾಡಿಸುತ್ತಿದ್ದರು. ಅವನ ಫೋಟೋ ಸ್ಟುಡಿಯೋದ ಒಳಗಿನ ವ್ಯವಹಾರ ಗೊತ್ತಿದ್ದ ನಾನು ಮಾತ್ರ ಗೋಡೆಯ ಕಡೆ ತಿರುಗಿ ನಗುತ್ತಿದ್ದೆ.

ಯಾಕೆಂದರೆ ನಮ್ಮಪ್ಪನಷ್ಟು ಡುಪ್ಲಿಕೇಟ್ ಫೋಟೋ ತೆಗೆದವರು ಸುತ್ತಲ ತಾಲೂಕುಗಳಲ್ಲಿ ಯಾರೂ ಇರಲಿಲ್ಲ.

ತೊಂಬತ್ತರ ದಶಕದ ಮಾತು. ಆಗ ರೀಲಿನ ಕಾಲ. ಒಂದು ರೀಲಿನಲ್ಲಿ ಬರುವ ಫೋಟೋಗಳಿಗೆ ಲೆಕ್ಕವಿತ್ತು, ಮದುವೆಗೆ ಬರುವ ಬೀಗರಿಗೆ ಲೆಕ್ಕವಿರಲಿಲ್ಲ. ಬೀಗರು, ಬೀಗರ ಬೀಗರು, ಊಟಕ್ಕಷ್ಟೇ ಬಂದವರು, ಎಲ್ಲರಿಗೂ ಮದುಮಕ್ಕಳ ಪಕ್ಕ ನಿಂತು ಫೋಟೋ ಬೇಕು. ಒಲ್ಲೆ ಎಂದರೆ ಮದುವೆ ಮನೆಯಲ್ಲಿ ಜಗಳ. ಅಪ್ಪ ಒಲ್ಲೆ ಎನ್ನುತ್ತಲೇ ಇರಲಿಲ್ಲ. ಕ್ಯಾಮೆರಾ ಎತ್ತಿ, ಒಬ್ಬರನ್ನು ಇತ್ತ ಸರಿಸಿ, ಇನ್ನೊಬ್ಬರ ಟೋಪಿ ನೆಟ್ಟಗೆ ಮಾಡಿಸಿ, ಕ್ಯಾಮೆರಾದ ಗುಂಡಿ ಬಿಟ್ಟು ಫ್ಲ್ಯಾಶಿನ ಬೆನ್ನಿಗಿದ್ದ ಟೆಸ್ಟ್ ಬಟನ್ ಒತ್ತುತ್ತಿದ್ದ. ಫಳ್ಳನೆ ಬೆಳಕು ಬೀಳುತ್ತಿತ್ತು. ಫೋಟೋ ಬೀಳುತ್ತಿರಲಿಲ್ಲ. ಈ ವಿದ್ಯೆಗೆ ಖಾಲಿ ಫ್ಲ್ಯಾಶ್ ಎಂದು ಹೆಸರು. ಆಲ್ಬಮ್ ಬಂದ ಮೇಲೆ ಯಾರಾದರೂ ತಮ್ಮ ಮುಖ ಹುಡುಕಿ ಸಿಗದೆ ಕೇಳಿದರೆ ಅಪ್ಪನ ಉತ್ತರ ಸಿದ್ಧವಿರುತ್ತಿತ್ತು. "ಕಣ್ಣ ಮುಚ್ಚಿದ್ರಿ ನೀವು. ಛಲೋ ಕಾಣಂಗಿಲ್ಲಂತ ಹಾಕಲಿಲ್ಲ."

ಈ ಉತ್ತರವನ್ನು ಎಲ್ಲರಿಗಿಂತ ಹೆಚ್ಚು ಕೇಳಿದವನು ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಸ್ವಂತ ಅಣ್ಣ. ಮನೆಯವರ ಮೇಲೆ ರೀಲು ಖರ್ಚು ಮಾಡುವುದು ದಂಡ ಎಂದು ಅಪ್ಪನ ಲೆಕ್ಕಾಚಾರ. ಹೀಗಾಗಿ ನೆಂಟರಿಷ್ಟರ ಎಷ್ಟೋ ಮದುವೆಗಳಲ್ಲಿ ತಲೆಗೆ ಪಟಗ ಸುತ್ತಿಕೊಂಡು, ಮೀಸೆ ತೀಡಿಕೊಂಡು, ಮದುಮಗನ ಬಲಕ್ಕೆ ನಿಂತ ದೊಡ್ಡಪ್ಪ ಒಂದು ಆಲ್ಬಮ್ಮಿನಲ್ಲೂ ಇರಲಿಲ್ಲ. ತಾನು ಫ್ಲ್ಯಾಶಿಗೆ ಕಣ್ಣು ಮುಚ್ಚುವ ಜಾತಿಯವನೆಂದು ಪಾಪ ಅವನು ನಂಬಿಬಿಟ್ಟಿದ್ದ. ಒಮ್ಮೆ ಸವದತ್ತಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡೂ ಬಂದ. ಡಾಕ್ಟರು ಕೊಟ್ಟ ಹನಿ ಔಷಧವನ್ನು ತಪ್ಪದೆ ಹಾಕಿಕೊಳ್ಳುತ್ತಿದ್ದ. ಅದನ್ನು ನೋಡಿಯೂ ಅಪ್ಪ ಬಾಯಿ ಬಿಡಲಿಲ್ಲ. ಒರಿಜಿನಲ್ ಮನುಷ್ಯ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗುವ ಹೊತ್ತಿಗೆ ನಮ್ಮ ಸ್ಟುಡಿಯೋ ನೊಣ ಹೊಡೆಯುವ ಅಂಗಡಿಯಾಯಿತು. ಕಿತ್ತೂರಿನಲ್ಲಿ ಒಬ್ಬಾತ ಡಿಜಿಟಲ್ ಕ್ಯಾಮೆರಾ ತಂದು, ಕೋಟೆಯ ಮುರುಕು ಗೋಡೆಯ ಮುಂದೆ ನಿಂತ ಜೋಡಿಗಳನ್ನು ಕಂಪ್ಯೂಟರಿನಲ್ಲಿ ಎತ್ತಿ ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ನಿಲ್ಲಿಸತೊಡಗಿದ್ದ. ಜನ ಅತ್ತ ಮುಗಿಬಿದ್ದರು. ನಾನು ಆಗಷ್ಟೇ ಬಿ.ಎ. ಮುಗಿಸಿ, ಕಂಪ್ಯೂಟರ್ ಕ್ಲಾಸೂ ಮುಗಿಸಿ, ನೋಡಲು ಬಂದ ಗಂಡುಗಳಿಗೆಲ್ಲ ಚಹದ ಜೊತೆ ನಾಲ್ಕು ಎದುರು ಮಾತನ್ನೂ ಕೊಟ್ಟು ಕಳಿಸಿ, ಅಂಗಡಿಯಲ್ಲಿ ಕೂತಿದ್ದೆ. ನನಗೆ ಆ ಅಂಗಡಿ ಬೇಕಿತ್ತು. ಕತ್ತಲ ಕೋಣೆಯ ಹುಳಿ ವಾಸನೆಯಿಂದ ಹಿಡಿದು ಪರದೆಯ ಮೇಲಿನ ಬಣ್ಣ ಹಾರಿದ ಜಲಪಾತದವರೆಗೆ ಎಲ್ಲವೂ ಬೇಕಿತ್ತು. ಡಿಜಿಟಲ್ ತಗೋ, ಕಂಪ್ಯೂಟರ್ ಕೆಲಸ ನಾನು ಮಾಡುತ್ತೇನೆ ಎಂದು ಅಪ್ಪನ ಕಿವಿ ತಿಂದೆ. ಕೊನೆಗೆ ರೀಲಿನ ಕ್ಯಾಮೆರಾಗಳನ್ನೂ ಸ್ಕೂಟರನ್ನೂ ಮಾರಿ ಅಪ್ಪ ಡಿಜಿಟಲ್ ಕ್ಯಾಮೆರಾ ತಂದ.

ಕಟ್ಟಡ ಮಾತ್ರ ದೊಡ್ಡಪ್ಪನ ಪಾಲಿನದು. ಅಲ್ಲಿ ಬೀಜ-ಗೊಬ್ಬರದ ಅಂಗಡಿ ಇಡಬೇಕೆಂದು ಅವನಿಗೆ ಬಹಳ ದಿನದಿಂದ ಆಸೆ. ಕಣ್ಣಿನ ಹನಿ ಹಾಕಿಸಿಕೊಂಡು ಮೇಲೆ ನೋಡುತ್ತಲೇ ಒಂದು ದಿನ ತೀರ್ಪು ಕೊಟ್ಟ. ತುಳಸಿ ಲಗ್ನ ಕಳೆದ ಮೇಲೆ ಕಟಕೋಳದಲ್ಲಿ ಅವನ ಗೆಳೆಯರೊಬ್ಬರು, ಕಾಳಿನ ವ್ಯಾಪಾರಿ, ಮಗಳ ಮದುವೆ ಇಟ್ಟುಕೊಂಡಿದ್ದರು. ಆ ವ್ಯಾಪಾರಿಯ ಮದುವೆಯ ಫೋಟೋ ತೆಗೆದವನೂ ಅಪ್ಪನೇ ಆಗಿದ್ದರಿಂದ ಈ ಮದುವೆಯ ಆರ್ಡರೂ ಅಪ್ಪನಿಗೇ ಬಂದಿತ್ತು. "ಆ ಲಗ್ನದ ಫೋಟೋ ಛಲೋ ಬಂದ್ರ ಅಂಗಡಿ ನೀನ ನಡಸು. ಕೆಟ್ಟು ಅಂದ್ರ ಕೀಲಿ ನನ್ನ ಕೈಯಾಗ ಕೊಡು. ಮಗಳಂತೂ ನಾಳೆ ಗಂಡನ ಮನಿಗಿ ಹೋಗಾಕಿ, ಯಾರ ಸಲುವಾಗಿ ಬಡದಾಡ್ತಿ?" ಎಂದ. ನನಗೆ ಮೈ ಉರಿದುಹೋಯಿತು. ಬಾಟಲಿಯ ಹನಿಯನ್ನೆಲ್ಲ ಒಮ್ಮೆಲೇ ಅವನ ಕಣ್ಣಿಗೆ ಸುರಿದುಬಿಡಬೇಕು ಅನಿಸಿತು.

ಕ್ಯಾಮೆರಾದ ಜೊತೆ ಬಂದಿದ್ದು ಒಂದೇ ಬ್ಯಾಟರಿ. ಒಂದೇ ಬ್ಯಾಟರಿ ನೆಚ್ಚಿ ಮದುವೆಗೆ ಹೋಗುವುದು ಒಂದೇ ಚಪ್ಪಲಿ ಹಾಕಿಕೊಂಡು ಗುಡ್ಡ ಹತ್ತಿದ ಹಾಗೆ. ಇನ್ನೊಂದು ಕಂಪನಿಯ ಬ್ಯಾಟರಿ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ತರಿಸಿಕೊಡುತ್ತೇವೆ ಎಂದವರು ತರಿಸುತ್ತಲೇ ಇದ್ದರು. ಸೀರೆ ತರಲು ಹೋದ ನೆಪದಲ್ಲಿ ನಾನೇ ಅಲ್ಲಿನ ಒಂದು ಸಣ್ಣ ಅಂಗಡಿಯಿಂದ ಬೇರೆ ಯಾರೋ ಮಾಡಿದ ಬ್ಯಾಟರಿ ಕೊಂಡು ತಂದೆ. ಅಳತೆ ಅದೇ, ಆಕಾರ ಅದೇ. ಚೀಟಿ ಮಾತ್ರ ಸೊಟ್ಟಗೆ ಅಂಟಿತ್ತು. ಮೇಲೆ ಬರೆದ ಶಕ್ತಿಯ ಅಂಕಿ ಒರಿಜಿನಲ್ಲಿಗಿಂತ ದೊಡ್ಡದು, ಕೈಯಲ್ಲಿ ಹಿಡಿದರೆ ತೂಕ ಒರಿಜಿನಲ್ಲಿಗಿಂತ ಕಡಿಮೆ. ಖಾಲಿ ಕೊಡ ತುಳುಕುವುದು ಹೆಚ್ಚು ಎಂದು ಅವ್ವ ಅದನ್ನು ನೋಡಿದ ತಕ್ಷಣ ಹೇಳಿದಳು.

ಅಪ್ಪನಿಗೆ ಗೊತ್ತಿಲ್ಲದಂತೆ ಹಿತ್ತಲಿನ ಎಮ್ಮೆಯ ಫೋಟೋ ತೆಗೆದು ಅದರ ಪರೀಕ್ಷೆ ಮಾಡಿದೆ. ಕೆಲಸ ಮಾಡಿತು. ಆದರೆ ಅದಕ್ಕೊಂದು ದುರ್ಗುಣ ಇತ್ತು. ಕಂಪನಿಯ ಬ್ಯಾಟರಿ ಮುಗಿಯುತ್ತ ಬಂದರೆ ಕ್ಯಾಮೆರಾದ ಪರದೆಯ ಮೇಲಿನ ಗೀಟು ಒಂದೊಂದೇ ಇಳಿದು ಮೊದಲೇ ಎಚ್ಚರಿಸುತ್ತಿತ್ತು. ಇದು ಹಾಗಲ್ಲ. ಪ್ರಾಣ ಬಿಡುವ ಗಳಿಗೆಯವರೆಗೂ ಪೂರ್ತಿ ತುಂಬಿದ್ದೇನೆ ಎಂದು ಹೇಳಿ, ಮಾತಿಲ್ಲದೆ ಆರಿಹೋಗುತ್ತಿತ್ತು. ಎಮ್ಮೆಗೆ ಇದರಿಂದ ಬೇಸರವಾಗಲಿಲ್ಲ. ಮದುಮಕ್ಕಳಿಗೆ ಆದೀತು ಎಂದು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ. ಅನ್ನ ಕೊಡುವ ಹತಾರಗಳನ್ನೆಲ್ಲ ತೊಳೆದು ಒರೆಸಿ, ಮಣೆಯ ಮೇಲಿಟ್ಟು, ವಿಭೂತಿ ಹಚ್ಚಿ ಪೂಜಿಸುವ ದಿನ. ಅಪ್ಪ ಕ್ಯಾಮೆರಾ, ಲೆನ್ಸು, ಫ್ಲ್ಯಾಶು, ಸ್ಟ್ಯಾಂಡು ಎಲ್ಲ ಜೋಡಿಸಿದ. ಕಂಪನಿಯ ಬ್ಯಾಟರಿಯನ್ನು ನಡುವೆ ಇಟ್ಟ. ಅದರ ಪಕ್ಕಕ್ಕೆ ನಾನು ನನ್ನದನ್ನೂ ಇಟ್ಟೆ. ಅಪ್ಪ ಅದನ್ನು ನೋಡಿದ. ಮುಖ ಹುಣಸೆಕಾಯಿ ಕಚ್ಚಿತು.

"ಅದನ್ನ ತಗಿ. ಡುಪ್ಲಿಕೇಟ್ ಮಾಲು ದೇವರ ಮುಂದ ಇಡೂದಲ್ಲ."

ಹಾಗಾದರೆ ನಿನ್ನ ಖಾಲಿ ಫ್ಲ್ಯಾಶನ್ನೂ ಮಣೆಯಿಂದ ಕೆಳಗಿಳಿಸು ಎಂದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಪ್ಪ ಕೇಳಿಸದವನ ಹಾಗೆ ವಿಭೂತಿ ಕಲಸತೊಡಗಿದ. ನಾನು ನನ್ನ ಬ್ಯಾಟರಿ ಎತ್ತಿ, ಅವ್ವನ ಹಳೆಯ ಕನ್ನಡಕದ ಡಬ್ಬಿಯಲ್ಲಿ ಹಾಕಿ, ಬ್ಯಾಗಿಗೆ ಸೇರಿಸಿದೆ. ದೇವರಿಗೆ ಬೇಡವಾದದ್ದು ನನಗಾದರೂ ಇರಲಿ ಎಂದುಕೊಂಡೆ.

ಅಪ್ಪನ ಭಕ್ತಿ ಮಹಾನವಮಿಗೆ ಮುಗಿಯುವಂಥದ್ದಲ್ಲ. ದೊಡ್ಡ ಆರ್ಡರಿಗೆ ಹೊರಡುವ ದಿನ ಬೆಳಿಗ್ಗೆ ಸ್ನಾನ ಮಾಡಿ, ಸಾಮಾನಿಗೆಲ್ಲ ಇನ್ನೊಮ್ಮೆ ವಿಭೂತಿ ಆಗಲೇಬೇಕು. ರೀಲಿನ ಕಾಲದಲ್ಲಿ ಕ್ಯಾಮೆರಾದ ಚರ್ಮದ ಚೀಲಕ್ಕೆ ಮೂರು ಬೆರಳು ಎಳೆದರೆ ಮುಗಿಯುತ್ತಿತ್ತು. ಕಟಕೋಳದ ಮದುವೆಯ ಬೆಳಿಗ್ಗೆ ಚಾರ್ಜರಿನಿಂದ ತೆಗೆದ ಬ್ಯಾಟರಿಗೂ ವಿಭೂತಿಯಾಯಿತು. ಅಂಗಡಿಯ ಭವಿಷ್ಯವೇ ಅದರೊಳಗೆ ಇತ್ತಲ್ಲ, ಈ ಸಲ ಕೈ ಧಾರಾಳವಾಗಿಯೇ ಓಡಿರಬೇಕು. ನಾನಾಗ ಜಡೆ ಹಾಕಿಕೊಳ್ಳುತ್ತಿದ್ದೆ. ಮುರಗೋಡ, ಯರಗಟ್ಟಿ ದಾಟಿ ಬಸ್ಸು ಕಟಕೋಳ ಮುಟ್ಟುವವರೆಗೂ ಅಪ್ಪ ಕ್ಯಾಮೆರಾದ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಅವನು ಹೆದರಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಅದಕ್ಕೇ ನನಗೂ ಹೆದರಿಕೆಯಾಯಿತು.

ಅರಿಶಿಣ, ಸುರಗಿಯ ಸ್ನಾನ ಎಲ್ಲ ಸಸೂತ್ರ ನಡೆಯಿತು. ಡಿಜಿಟಲ್ಲಿನ ಒಂದು ಪೀಡೆ ಮಾತ್ರ ಅಲ್ಲಿ ನನಗೆ ಪೂರ್ತಿ ಅರ್ಥವಾಯಿತು. ಬೆನ್ನಿನ ಪರದೆಯಲ್ಲಿ ಫೋಟೋ ಕಾಣುತ್ತದೆ ಎಂಬ ಸುದ್ದಿ ಹಂದರದ ತುಂಬ ಹಬ್ಬಿತು. ಪ್ರತಿ ಫೋಟೋ ಆದೊಡನೆ ಪ್ರಸಾದಕ್ಕೆ ಮುಗಿಬಿದ್ದ ಹಾಗೆ ಜನ ಬಂದರು. ತೋರಿಸ್ರಿ, ಇನ್ನೊಮ್ಮೆ ತೋರಿಸ್ರಿ, ನಮ್ಮ ಅಕ್ಕಗೂ ತೋರಿಸ್ರಿ. ಒಬ್ಬ ಅಜ್ಜಿ ತನ್ನ ಮುಖವನ್ನು ಪರದೆಯಲ್ಲಿ ನೋಡಿ, ಇದು ನಾನಲ್ಲ, ನನ್ನ ನಾದಿನಿ ಎಂದು ವಾದ ಹೂಡಿದಳು. ಖಾಲಿ ಫ್ಲ್ಯಾಶಿನ ಕಾಲ ಮುಗಿದಿತ್ತು. ಬೆಳಕು ಬಿದ್ದರೆ ಮುಖ ತೋರಿಸಲೇಬೇಕು. ಅಪ್ಪ ಹಲ್ಲು ಕಚ್ಚಿ ಎಲ್ಲರ ಫೋಟೋ ತೆಗೆದ. ಪರದೆ ಹೊತ್ತಿಕೊಂಡೇ ಇದ್ದರೆ ಬ್ಯಾಟರಿ ತಿನ್ನುತ್ತದೆ ಎಂದು ನಾನು ಒಬ್ಬಿಬ್ಬರನ್ನು ಗದರಿಸಿ ಅಟ್ಟಿದೆ. ಆದರೂ ಗೀಟುಗಳೆಲ್ಲ ತುಂಬಿದ್ದವು, ಭಯವಿರಲಿಲ್ಲ.

ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಾಯಿತು. ನಮ್ಮ ಕಡೆ ಮದುವೆಯ ಫೋಟೋ ಎಂದರೆ ಅದೊಂದೇ. ಮಿಕ್ಕಿದ್ದೆಲ್ಲ ಆಲ್ಬಮ್ಮಿನ ಹಾಳೆ ತುಂಬಿಸಲು. ಮಂಗಲಾಷ್ಟಕದ ಒಂದೊಂದು ಚರಣಕ್ಕೂ ಸಾವಧಾನ ಎಂದಾಗ ಒಂದಷ್ಟು ಕಾಳು ಬೀಳುತ್ತವೆ, ಕೊನೆಯ ಚರಣಕ್ಕೆ ಬಾಜಾದವರು ಒಮ್ಮೆಲೇ ಬಾರಿಸಿ ಇಡೀ ಹಂದರ ಕೈಯೆತ್ತಿ ಎಸೆಯುತ್ತದೆ. ಅದನ್ನು ಇನ್ನೊಮ್ಮೆ ಮಾಡ್ರಿ ಎಂದು ಕೇಳುವ ಹಾಗಿಲ್ಲ. ಮದುಮಗಳ ಅಪ್ಪ ಕೈಯಲ್ಲಿ ಕಾಳು ಹಿಡಿದು ವೇದಿಕೆಯ ಮೇಲೆ ನಿಂತಿದ್ದರು. ಮುಂದಿನ ಸಾಲಿನಲ್ಲಿ ಪಟಗ ಸುತ್ತಿದ ದೊಡ್ಡಪ್ಪ ಇದ್ದ. ಅವನು ಮದುಮಕ್ಕಳ ಕಡೆ ನೋಡುತ್ತಿರಲಿಲ್ಲ. ನಮ್ಮ ಕಡೆಯೇ ನೋಡುತ್ತಿದ್ದ.

ಮೊದಲ ಚರಣ ಶುರುವಾಯಿತು. ಅಪ್ಪ ಕ್ಯಾಮೆರಾ ಎತ್ತಿ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಆಫ್ ಮಾಡಿ ಆನ್ ಮಾಡಿದ. ಪರದೆ ಕಪ್ಪಗೇ ಇತ್ತು. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದನ್ನು ನಾನು ಹಿಂದಿನಿಂದ ಕಂಡೆ. ತುಟಿ ಅಲ್ಲಾಡಿಸದೆ, ನನಗಷ್ಟೇ ಕೇಳುವಂತೆ ಹೇಳಿದ. "ಸತ್ತೈತಿ."

ಆಮೇಲೆ ಅಪ್ಪ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಹೆಮ್ಮೆಯೂ ಆಗುತ್ತದೆ. ಸತ್ತ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ಫ್ಲ್ಯಾಶಿಗೆ ಅದರದೇ ಪೆನ್ಸಿಲ್ ಸೆಲ್ಲುಗಳಿದ್ದವು, ಅದಕ್ಕೆ ಏನೂ ಆಗಿರಲಿಲ್ಲ. ಸಾವಧಾನ ಎಂದ ಕೂಡಲೇ ಹೆಬ್ಬೆರಳು ಹಳೆಯ ಜಾಗಕ್ಕೆ ಹೋಯಿತು. ಫಳ್! ಮದುಮಕ್ಕಳು ನಕ್ಕರು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಮೊಣಕಾಲು ಬಗ್ಗಿಸಿ, ಇನ್ನೊಂದು. ಮುಂದಿನ ಚರಣಕ್ಕೆ ಮತ್ತೊಂದು. ಇಡೀ ಹಂದರದಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಇಷ್ಟು ವರ್ಷ ಬೀಗರ ಕಣ್ಣಿಗೆ ಮಣ್ಣೆರಚಿದ ವಿದ್ಯೆ ಅಂದು ಅವನ ಮಾನ ಕಾಯುತ್ತ ನಿಂತಿತ್ತು.

ನಾನು ಕನ್ನಡಕದ ಡಬ್ಬಿ ತೆಗೆದು, ಎಮ್ಮೆಯ ಹಾಲು ಹಿಂಡಲು ಕೂತ ಹಾಗೆ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಳಗಿನಿಂದ ಕ್ಯಾಮೆರಾದ ಬಾಗಿಲು ಬಿಚ್ಚಿದೆ. ಅಪ್ಪ ಮೇಲೆ ಫ್ಲ್ಯಾಶ್ ಹೊಡೆಯುತ್ತಲೇ ಇದ್ದ. ಸತ್ತ ಬ್ಯಾಟರಿ ಎಳೆದು ಬಾಯಲ್ಲಿ ಕಚ್ಚಿಕೊಳ್ಳುವ ಮೊದಲು ಅದರ ಗೂಡಿನೊಳಗೆ ಒಮ್ಮೆ ಜೋರಾಗಿ ಊದಿದೆ. ರೇಡಿಯೋ ಇರಲಿ, ಸ್ಟೋವ್ ಇರಲಿ, ಊದುವುದು ನಮ್ಮ ಮನೆಯಲ್ಲಿ ಅರ್ಧ ರಿಪೇರಿ. ಒಳಗಿನಿಂದ ಬಿಳಿ ಪುಡಿ ಎದ್ದು ನನ್ನ ಕಣ್ಣಿಗೆ ಬಿತ್ತು. ಏನದು ಎಂದು ಯೋಚಿಸುವ ಹೊತ್ತು ಅದಲ್ಲ. ಕಣ್ಣು ಮುಚ್ಚಿಕೊಂಡೇ ಡುಪ್ಲಿಕೇಟನ್ನು ಒಳಗೆ ತುರುಕಿದೆ. ಅದು ಬಿಗಿಯಾಗಿ ಅರ್ಧಕ್ಕೆ ನಿಂತಿತು. ಅಂಗೈಯಿಂದ ಗುದ್ದಿದೆ. ಚಿಟಕ್ ಎಂದಿತು. ಅದೇ ಗಳಿಗೆಗೆ ಬಾಜಾದವರು ಬಾರಿಸಿದರು, ಇಡೀ ಹಂದರದ ಕೈಗಳು ಮೇಲೆದ್ದವು, ನನ್ನ ತಲೆಯ ಮೇಲೆ ಕ್ಯಾಮೆರಾದ ಬಾಯಿ ಪಟಪಟ ತೆರೆದು ಮುಚ್ಚುವ ಸದ್ದು ಕೇಳಿತು. ಅಷ್ಟು ಚೆಂದದ ಸದ್ದು ನಾನು ಇನ್ನೊಂದು ಕೇಳಿಲ್ಲ.

ಗದ್ದಲ ಇಳಿದ ಮೇಲೆ ನೋಡಿದರೆ ಬಾಯಲ್ಲಿ ಕಚ್ಚಿದ್ದ ಕಂಪನಿ ಬ್ಯಾಟರಿಯ ರುಚಿ ಬೇರೆಯಾಗಿತ್ತು. ನಾಲಿಗೆಯ ಮೇಲೆ ಬೂದಿ. ತೆಗೆದು ನೋಡಿದೆ. ಬ್ಯಾಟರಿಯ ತುದಿಯಲ್ಲಿ ಕರೆಂಟು ಹಾಯುವ ಹಳದಿ ಹಲ್ಲುಗಳ ಮೇಲೆ ವಿಭೂತಿ ದಪ್ಪಗೆ ಒಣಗಿತ್ತು. ಬೆಳಿಗ್ಗೆಯಿಂದ ಹೇಗೋ ಅರೆಬರೆ ತಾಗಿಕೊಂಡು ನಡೆದ ಸಂಸಾರ, ಅಲುಗಾಡಿ ಪುಡಿ ಉದುರಿ, ಸರಿಯಾಗಿ ಅಕ್ಕಿಕಾಳಿನ ಹೊತ್ತಿಗೆ ನಿಂತುಹೋಗಿತ್ತು. ಪರದೆ ನೋಡಲು ಬಂದವರದು ತಪ್ಪಿರಲಿಲ್ಲ, ಕಂಪನಿಯದೂ ತಪ್ಪಿರಲಿಲ್ಲ. ಶಿವನದಂತೂ ಅಲ್ಲವೇ ಅಲ್ಲ, ಅವನು ಬೂದಿ ಬಳಿದುಕೊಳ್ಳುವುದು ತನ್ನ ಮೈಗೆ. ಮಣೆಯಿಂದ ಇಳಿಸಿಕೊಂಡದ್ದಕ್ಕೇ ನನ್ನ ಡುಪ್ಲಿಕೇಟ್ ಶುಚಿಯಾಗಿ ಉಳಿದಿತ್ತು.

ಬ್ಯಾಟರಿಯನ್ನು ಅಪ್ಪನ ಅಂಗೈಯಲ್ಲಿಟ್ಟೆ. ಒಂದು ಮಾತೂ ಆಡಲಿಲ್ಲ, ಅದು ನನ್ನ ಸ್ವಭಾವಕ್ಕೆ ಎಷ್ಟು ಕಷ್ಟದ ಕೆಲಸ ಎಂಬುದು ಅವನಿಗೂ ಗೊತ್ತಿತ್ತು. ಅಪ್ಪ ಅದನ್ನು ತಿರುವಿ ನೋಡಿದ. ಆಮೇಲೆ ಧೋತರದ ಚುಂಗಿನಿಂದ ಒರೆಸಿ ಕಿಸೆಗೆ ಹಾಕಿಕೊಂಡ. ಡುಪ್ಲಿಕೇಟ್ ತನ್ನ ಗುಣ ಬಿಡಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಊಟದ ಪಂಕ್ತಿಯ ನಡುವೆ, ಎಲ್ಲ ಗೀಟು ತುಂಬಿರುವಾಗಲೇ, ಮುನ್ಸೂಚನೆ ಕೊಡದೆ ಸತ್ತಿತು. ಅಪ್ಪ ಒರೆಸಿದ ಬ್ಯಾಟರಿ ಹಾಕಿದ. ಹೋಳಿಗೆ ಬಡಿಸುವುದರಿಂದ ಹಿಡಿದು ಮದುಮಗಳು ಅತ್ತುಕೊಂಡು ಗಾಡಿ ಹತ್ತುವವರೆಗೆ ಅದು ನಡೆಯಿತು.

ಫೋಟೋ ಪ್ರಿಂಟ್ ಆಗಿ ಆಲ್ಬಮ್ ಬಂದ ದಿನ ಕಟಕೋಳದ ವ್ಯಾಪಾರಿ ಬೈಲಹೊಂಗಲಕ್ಕೇ ಬಂದರು. ಪಕ್ಕದಲ್ಲಿ ದೊಡ್ಡಪ್ಪ. ಮೊದಲ ಚರಣಗಳಿಗೆ ಅಷ್ಟೊಂದು ಫ್ಲ್ಯಾಶ್ ಬಿತ್ತಲ್ಲ, ಆ ಫೋಟೋಗಳೆಲ್ಲಿ ಎಂದು ವ್ಯಾಪಾರಿ ಕೇಳಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅಪ್ಪ ಶಾಂತವಾಗಿ, "ದೇವರ ಸ್ತೋತ್ರ ನಡದಿತ್ತಲ್ಲರಿ, ಎಲ್ಲಾರೂ ಭಕ್ತೀಲೆ ಕಣ್ಣ ಮುಚ್ಚಿದ್ರಿ" ಎಂದ. ಅವರು ಒಪ್ಪಿಕೊಂಡು ಹಾಳೆ ತಿರುಗಿಸಿದರು.

ಕೊನೆಯ ಚರಣದ ಫೋಟೋ ಬಂತು. ಗಾಳಿಯಲ್ಲಿ ಕಾಳು, ಮದುಮಕ್ಕಳ ತಗ್ಗಿದ ತಲೆ, ಎತ್ತಿದ ಕೈಗಳು. ಆ ಕೈಗಳ ನಡುವೆ ದೊಡ್ಡಪ್ಪ. ಪಟಗ ನೆಟ್ಟಗಿತ್ತು, ಮೀಸೆ ತೀಡಿತ್ತು, ಕಣ್ಣು ಅಗಲಕ್ಕೆ ತೆರೆದು ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದ. ನಾವು ಕೆಡಿಸುತ್ತೇವೆಯೇ ಎಂದು ಕಾಯುತ್ತಿದ್ದ ನೋಟ ಅದು. ಫೋಟೋದಲ್ಲಿ ಅದು ಮದುವೆಯ ಹಿರಿಯನ ಗಾಂಭೀರ್ಯವಾಗಿ ಬಂದಿತ್ತು. ದೊಡ್ಡಪ್ಪ ಆಲ್ಬಮ್ಮನ್ನು ಗೆಳೆಯನ ಕೈಯಿಂದ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದ. ತಿರುಗಿ ಬಂದಾಗ ಅವನ ದನಿ ಸಣ್ಣಗಾಗಿತ್ತು.

"ಇಷ್ಟು ವರ್ಷದಾಗ ಇದ ಮೊದಲ ಸಲ ನೋಡು ನನ್ನ ಕಣ್ಣು ತೆರದಿದ್ದು. ಇದನ್ನ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡು, ತಮ್ಮಾ."

ಕೀಲಿಯ ಮಾತು ಅವನು ಎತ್ತಲಿಲ್ಲ. ಮುಂದೆಂದೂ ಎತ್ತಲಿಲ್ಲ. ಗೊಬ್ಬರದ ಅಂಗಡಿ ಬೇರೆ ಕಡೆ ಇಟ್ಟ. ಅಲ್ಲಿನ ಗಲ್ಲಾಪೆಟ್ಟಿಗೆಯ ಮೇಲೆ ಆ ಫೋಟೋ ತೂಗುಹಾಕಿದ. ಅವನು ಆಲ್ಬಮ್ ಹಿಡಿದು ನಿಂತಿದ್ದಾಗ ಅಪ್ಪ ಅವನ ಕಡೆ ನೋಡಲಾರದೆ ಲೆನ್ಸು ಒರೆಸುತ್ತ ನಿಂತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಅಂದಿನಿಂದ ಮನೆಯ ಯಾವ ಮದುವೆ ಇರಲಿ, ಅಪ್ಪನ ಮೊದಲ ಫೋಟೋ ದೊಡ್ಡಪ್ಪನದು. ಒಂದಕ್ಕೆ ನಾಲ್ಕು ತೆಗೆದು, ಪರದೆಯಲ್ಲಿ ತೋರಿಸಿ, ಕಣ್ಣು ತೆರೆದಿದೆ ಎಂದು ಒಪ್ಪಿಸಿಯೇ ಮುಂದೆ ಹೋಗುತ್ತಿದ್ದ. ಕಣ್ಣಿನ ಹನಿಯ ಬಾಟಲಿ ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ.

ನನಗೆ ಮಾತ್ರ ಅಪ್ಪ ಏನೂ ಹೇಳಲಿಲ್ಲ. ಛಲೋ ಮಾಡಿದಿ ಎಂಬ ಎರಡು ಮಾತಿಗೆ ಕಾದು ಕಾದು ನನಗೆ ಸಿಟ್ಟು ಬಂದು, ಆ ಸಿಟ್ಟೂ ಹಳೆಯದಾಗಿ, ಮತ್ತೆ ಮಹಾನವಮಿ ಬಂತು.

ಅಪ್ಪ ಮಣೆ ಹಾಕಿದ. ಕ್ಯಾಮೆರಾ, ಲೆನ್ಸು, ಫ್ಲ್ಯಾಶು ಇಟ್ಟ. ಕಂಪನಿಯ ಬ್ಯಾಟರಿ ಇಟ್ಟ. ಆಮೇಲೆ ಎದ್ದು ಹೋಗಿ, ಕೇಳದೆ ನನ್ನ ಬ್ಯಾಗು ತೆರೆದು, ಕನ್ನಡಕದ ಡಬ್ಬಿಯಿಂದ ಡುಪ್ಲಿಕೇಟ್ ತೆಗೆದು ತಂದು ಎಲ್ಲಕ್ಕಿಂತ ಮುಂದೆ ಕೂರಿಸಿದ. ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಕ್ಯಾಮೆರಾದ ಚೀಲಕ್ಕೆ ಎಳೆದ. ಮತ್ತೆ ಅದ್ದಿ ಬ್ಯಾಟರಿಯ ಕಡೆ ಕೈ ಚಾಚಿದ. ಕೈ ಅಲ್ಲೇ ನಿಂತಿತು. ಇತ್ತ ತಿರುಗಿತು. ಹತಾರಗಳ ಸಾಲಿನ ಪಕ್ಕ ಕೂತಿದ್ದ ನನ್ನ ಹಣೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ತಣ್ಣಗೆ ಮೂರು ಗೆರೆ ಎಳೆದ.

"ಇಲ್ಲಿ ಹಚ್ಚಿದ್ರ ಏನೂ ಬಂದ್ ಆಗೂದಿಲ್ಲ" ಎಂದ ಅಪ್ಪ. ಬೆರಳು ಒರೆಸಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದ. "ನಿನ್ನ ಬಾಯಿ ಸೈತ."